ಬಸಳೆ ಡ್ರಮ್ಮಿನಲ್ಲಿ ಒಂಬತ್ತು ಮೊಟ್ಟೆ

ಆಮೆ ನನ್ನದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ಈಗ ನನ್ನನ್ನು ಎಲ್ಲರೂ ಆಮೆ ಆಂಟಿ ಎಂದೇ ಕರೆಯುತ್ತಾರೆ. ಅದು ಎದುರು ಫ್ಲ್ಯಾಟಿನಲ್ಲಿದ್ದ ಮೈಸೂರಿನವರ ಮಗಳದ್ದು. ಒಂದು ಬೇಸಿಗೆಯಲ್ಲಿ ಅವಳಪ್ಪನ ಕಂಪನಿ ಅರ್ಧ ಆಫೀಸನ್ನೇ ಖಾಲಿ ಮಾಡಿಸಿತು. ವೀಸಾ ಕ್ಯಾನ್ಸಲ್, ಖಲಾಸ್. ಮೂರೇ ವಾರದಲ್ಲಿ ಸೋಫಾ, ಫ್ರಿಜ್ಜು, ಸೈಕಲ್ಲು ಎಲ್ಲ ಯಾರು ಯಾರದ್ದೋ ಮನೆ ಸೇರಿದವು. ಆಮೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಹೊರಡುವ ಹಿಂದಿನ ದಿನ ತಾಯಿ ಮಗಳು ಇಬ್ಬರೂ ಬಂದು ನಮ್ಮ ಬಾಗಿಲಲ್ಲಿ ನಿಂತರು. ಎಂಟು ವರ್ಷದ ಹುಡುಗಿಯ ಕೈಯಲ್ಲಿ ಪ್ಲಾಸ್ಟಿಕ್ ಟಬ್ಬು, ಟಬ್ಬಿನಲ್ಲಿ ಆಮೆ.

"ಎರಡು ತಿಂಗಳು ನೋಡ್ಕೊಳ್ಳಿ ಸಾಕು. ಯಾವುದಾದ್ರೂ ಪಾರ್ಕಿನ ಕೊಳಕ್ಕೆ ಬಿಟ್ಟುಬಿಡೋಣ ಅಂತ ಇವರು ಅಂದ್ರು, ಇವಳು ನಿನ್ನೆಯಿಂದ ಊಟಾನೇ ಮಾಡಿಲ್ಲ" ಎಂದರು ತಾಯಿ.

"ಆಂಟಿ, ಅವನು ಸಾಯಲ್ಲ ತಾನೇ? ಪ್ರಾಮಿಸ್?" ಎಂದಳು ಹುಡುಗಿ.

ನನ್ನ ಬಾಯಿ ಯಾವಾಗಲೂ ಬುದ್ಧಿಗಿಂತ ಒಂದು ಹೆಜ್ಜೆ ಮುಂದೆ. "ಪ್ರಾಮಿಸ್" ಎಂದುಬಿಟ್ಟೆ. ಬಾಗಿಲು ಹಾಕಿದ ಮೇಲೆ ನಮ್ಮವರು ನಕ್ಕರು. "ಒಂದು ಗೋಲ್ಡ್‌ಫಿಶ್ ಸಾಕಲಿಕ್ಕೆ ಆಗದವಳು ನೀನು. ಎಂತ ಮಾರಾಯ್ತಿ ಇದು?"

ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಆಮೆಯ ಮೇಲೆ. ಅದು ತಣ್ಣಗೆ ನನ್ನನ್ನೇ ನೋಡುತ್ತಿತ್ತು. ಕಣ್ಣಿನ ಹಿಂದೆ ಕುಂಕುಮ ತೀಡಿದಂತೆ ಒಂದು ಕೆಂಪು ಪಟ್ಟಿ, ಕತ್ತಿನ ತುಂಬ ಹಳದಿ ಹಸಿರು ಗೆರೆ. ಇಲ್ಲಿನ ಹಳೆಯ ಪೇಟೆ ಸೂಕ್‌ನಲ್ಲಿ ಸಣ್ಣ ಪ್ಲಾಸ್ಟಿಕ್ ತೆಂಗಿನಮರ ಇಟ್ಟ ಡಬ್ಬಿಯೊಳಗೆ ನಾಣ್ಯದಷ್ಟು ಗಾತ್ರದ್ದನ್ನು ಮಾರುತ್ತಾರಲ್ಲ, ಅದೇ ಜಾತಿ. ಇಷ್ಟೇ ಇರುತ್ತದೆ, ಬೆಳೆಯುವುದಿಲ್ಲ ಎಂದು ಅಂಗಡಿಯವನು ಹೇಳಿದ್ದನಂತೆ. ನಾಲ್ಕು ವರ್ಷದಲ್ಲಿ ಅದು ದೋಸೆ ಕಾವಲಿಯಷ್ಟಾಗಿತ್ತು. ಇದರ ಮೂಲ ಅಮೆರಿಕದ ನದಿಗಳು, ಕೆಸರು ಕೊಳಗಳು. ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷವೂ ಬದುಕೀತು ಎಂದು ಆಮೇಲೆ ಗೊತ್ತಾಯಿತು. ಮೂವತ್ತು ವರ್ಷ! ನಮ್ಮ ರೆಸಿಡೆನ್ಸ್ ಪರ್ಮಿಟ್ಟಿಗೇ ಅಷ್ಟು ಆಯುಷ್ಯದ ಭರವಸೆ ಇಲ್ಲ.

ಎರಡು ತಿಂಗಳು ಆರಾಯಿತು. ಮೈಸೂರಿನವರು ಆಮೆಯನ್ನು ಕರೆಸಿಕೊಳ್ಳಲಿಲ್ಲ, ಕರೆಸಿಕೊಳ್ಳುವ ದಾರಿಯೂ ಇರಲಿಲ್ಲ. ಹುಡುಗಿ ಮಾತ್ರ ಪ್ರತಿ ಶುಕ್ರವಾರ ಬೆಳಿಗ್ಗೆ ವಿಡಿಯೊ ಕಾಲ್ ಮಾಡುತ್ತಿದ್ದಳು. "ಆಂಟಿ, ತಿಂದ್ನಾ?" ಅದೊಂದೇ ಪ್ರಶ್ನೆ. ನಾನು ಫೋನನ್ನು ಟಬ್ಬಿನ ಹತ್ತಿರ ಹಿಡಿದು ತಿನ್ನಿಸಿ ತೋರಿಸಬೇಕು. ನೀರಿನಲ್ಲೇ ತಿನ್ನಿಸಬೇಕು, ಅದರ ಬಾಯಲ್ಲಿ ಎಂಜಲು ಊರುವುದಿಲ್ಲ, ನೀರಿಲ್ಲದೆ ತುತ್ತು ಗಂಟಲಿಗೆ ಇಳಿಯುವುದಿಲ್ಲ.

ಮೊದಲ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಸೆಪ್ಟೆಂಬರ್ ಹೊತ್ತಿಗೆ ಅದರ ಚಿಪ್ಪಿನ ಅಂಚು ಮೆತ್ತಗಾಗಿತ್ತು. ಬೆರಳಲ್ಲಿ ಒತ್ತಿದರೆ ಹಪ್ಪಳದ ಹಿಟ್ಟಿನ ಹಾಗೆ ಒಳಗೆ ಹೋಗುತ್ತಿತ್ತು. ಹೆದರಿ ಅಲ್ ರಯ್ಯಾನ್ ಕಡೆಯ ಒಬ್ಬ ಪ್ರಾಣಿ ವೈದ್ಯೆಯ ಹತ್ತಿರ ಒಯ್ದೆವು. ಈಜಿಪ್ಟಿನವರು, ಮಾತು ಕಡಿಮೆ. ನೋಡಿದವರೇ, "ನಿಮ್ಮ ಮನೆಗೆ ಬಿಸಿಲು ಬರುವುದಿಲ್ಲವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನಾನು ನಕ್ಕುಬಿಟ್ಟೆ. ದೋಹಾದಲ್ಲಿ ಬಿಸಿಲಿಗೆ ಬರವೇ! ಆಮೇಲೆ ನಮ್ಮವರ ಮುಖ ನೋಡಿದೆ. ನಮ್ಮ ಕಿಟಕಿಗಳಿಗೆಲ್ಲ ಅಡುಗೆಯ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿಟ್ಟಿದ್ದೇವೆ. ಇಲ್ಲಿ ಹಳೆಯ ಫ್ಲ್ಯಾಟಿನವರು ಬಹಳ ಮಂದಿ ಹೀಗೆ ಮಾಡುತ್ತಾರೆ, ಇಲ್ಲದಿದ್ದರೆ ಎಸಿ ಹಗಲಿಡೀ ಓಡಿದರೂ ರೂಮು ತಂಪಾಗುವುದಿಲ್ಲ. ನನಗೇ ವಾರಕ್ಕೊಂದು ವಿಟಮಿನ್ ಡಿ ಮಾತ್ರೆ ಬರೆದುಕೊಟ್ಟಿದ್ದರು. ಆಮೆಗೂ ಅದೇ ಕಾಯಿಲೆ. ನೀರಿನಿಂದ ಮೇಲೆ ಹತ್ತಿ, ನಾಲ್ಕೂ ಕಾಲು ಚಾಚಿ, ಮೈ ಒಣಗುವವರೆಗೆ ಬಿಸಿಲು ಕಾಯದಿದ್ದರೆ ಇದರ ಚಿಪ್ಪು ಗಟ್ಟಿಯಾಗುವುದಿಲ್ಲವಂತೆ. ಗಾಜಿನಿಂದ ತೂರಿ ಬಂದ ಬಿಸಿಲೂ ಉಪಯೋಗಕ್ಕೆ ಬಾರದು, ಮೈಮೇಲೆ ನೇರ ಬೀಳಬೇಕು.

ಹಾಗಾಗಿ ಟಬ್ಬು ಬಾಲ್ಕನಿಗೆ ಬಂತು. ಅಲ್ಲೇ ಆಮೆಗೂ ನನಗೂ ಜಗಳ ಶುರುವಾದದ್ದು, ಯಾಕೆಂದರೆ ಬಾಲ್ಕನಿ ನನ್ನ ಬಸಳೆಯದ್ದು.

ಕರಾವಳಿಯ ಹೆಂಗಸರು ಗಲ್ಫಿನಲ್ಲಿ ಎಲ್ಲಿದ್ದರೂ ಒಂದು ಬಸಳೆ ಬಳ್ಳಿ ಇರುತ್ತದೆ. ಒಬ್ಬಳು ಊರಿಗೆ ಹೊರಟರೆ ಇನ್ನೊಬ್ಬಳಿಗೆ ದಂಟು ಕೊಟ್ಟು ಹೋಗುತ್ತಾಳೆ. ನನ್ನದು ನೀಲಿ ಡ್ರಮ್ಮನ್ನು ಅರ್ಧ ಕತ್ತರಿಸಿ, ಅದರಲ್ಲಿ ನೆಟ್ಟದ್ದು. ನರ್ಸರಿ ಮಣ್ಣು, ಅಕ್ಕಿ ತೊಳೆದ ನೀರು, ಬಂಗುಡೆ ಮೀನು ತೊಳೆದ ನೀರು, ಮೊಟ್ಟೆ ಸಿಪ್ಪೆ. ಏಳು ವರ್ಷ ಹೀಗೆ ಸಾಕಿದ ಮಣ್ಣು ಕಪ್ಪಗೆ, ಹಿಡಿದರೆ ಉಂಡೆ ಕಟ್ಟುವಂತಿತ್ತು. ಎಲೆ ಅಂಗೈಯಗಲ. ಇಡೀ ಕಟ್ಟಡದಲ್ಲಿ ನಾನು ಯಾರಿಗೂ ದಂಟು ಕೊಟ್ಟವಳಲ್ಲ. ಹೌದು, ಜಿಪುಣಿಯೇ. ಆ ಬಳ್ಳಿಯ ಕೆಳಗಿನ ಎಲೆಗಳನ್ನು ಆಮೆ ಕತ್ತು ನೀಡಿ ಕಚ್ಚಿ ಕಚ್ಚಿ ತಿಂದಿತು. "ನಿನ್ನ ಮನೆ ಹಾಳಾಗ!" ಎಂದು ಬೈದೆ. ತಿಂದದ್ದನ್ನು ನುಂಗಲು ಅದು ಟಬ್ಬಿಗೆ ಹೋಯಿತು.

ಮಾರ್ಚ್‌ನಲ್ಲಿ ಅದು ತಿನ್ನುವುದನ್ನು ನಿಲ್ಲಿಸಿತು.

ಟಬ್ಬಿನಿಂದ ಹೊರಬಂದು ಬಾಲ್ಕನಿಯ ಮೂಲೆ ಮೂಲೆಗೆ ಓಡಾಡುವುದು, ಹಿಂಗಾಲಿನಿಂದ ಟೈಲ್ಸ್ ಕೆರೆಯುವುದು, ಮತ್ತೆ ಓಡಾಡುವುದು. ನೀರಿನ ಪ್ರಾಣಿಗೆ ನೀರು ಸಾಲಲಿಲ್ಲ ಎಂದುಕೊಂಡು ದೊಡ್ಡ ಟಬ್ಬು ತಂದೆ. ಎತ್ತಿ ನೀರಿಗೆ ಹಾಕಿದಷ್ಟೂ ಸಲ ಹತ್ತಿ ಬಂತು. ಆ ಶುಕ್ರವಾರ ಹುಡುಗಿ "ತಿಂದ್ನಾ?" ಎಂದಾಗ ನಾನು ಮೊದಲ ಬಾರಿ ಸುಳ್ಳು ಹೇಳಿದೆ. "ತಿಂದ, ಈಗಷ್ಟೇ."

ಅದೇ ಸಂಜೆ ವೈದ್ಯೆ ಎಕ್ಸ್‌ರೇ ತೆಗೆದರು. ಚಿಪ್ಪಿನೊಳಗೆ ಒತ್ತೊತ್ತಾಗಿ ಒಂಬತ್ತು ಉದ್ದುರುಟು ನೆರಳು.

"ಇವನು ಅವನಲ್ಲ, ಅವಳು. ಗಂಡಾಗಿದ್ದರೆ ಮುಂಗಾಲಿನ ಉಗುರು ಉದ್ದ ಇರುತ್ತದೆ, ಅದನ್ನು ಹೆಣ್ಣಿನ ಮುಖದ ಮುಂದೆ ಅಲ್ಲಾಡಿಸುತ್ತದೆ. ಇವಳ ಉಗುರು ನೋಡಿ, ಗಿಡ್ಡ."

"ಮೊಟ್ಟೆಯಾ? ಇದು ಇನ್ನೊಂದು ಆಮೆಯನ್ನೇ ನೋಡಿಲ್ಲವಲ್ಲ ಡಾಕ್ಟ್ರೇ!"

"ನೋಡಬೇಕಾಗಿಲ್ಲ. ಗಂಡಿಲ್ಲದಿದ್ದರೂ ಮೊಟ್ಟೆ ಬರುತ್ತದೆ. ಮರಿಯಾಗುವುದಿಲ್ಲ, ಅಷ್ಟೆ. ಆದರೆ ಇಡಲೇಬೇಕು. ಸರಿಯಾದ ಜಾಗ ಸಿಗದಿದ್ದರೆ ಇವಳು ಒಳಗೇ ಹಿಡಿದಿಟ್ಟುಕೊಳ್ಳುತ್ತಾಳೆ, ಹಿಡಿದೇ ಸಾಯುತ್ತಾಳೆ. ಒಂದು ವಾರ ನೋಡಿ. ಅಗೆಯಲು ಜಾಗ ಕೊಡಿ. ಆಗದಿದ್ದರೆ ಇಂಜೆಕ್ಷನ್, ಅದಕ್ಕೂ ಆಗದಿದ್ದರೆ ಆಪರೇಷನ್. ಇಷ್ಟು ಸೊರಗಿದವಳು ಅದನ್ನು ತಡೆಯುತ್ತಾಳೆಂದು ನಾನು ಹೇಳುವುದಿಲ್ಲ."

ಕಾರಿನಲ್ಲಿ ನನಗೆ ಅಳು ಬಂತು. ಮರಿಯಾಗದ ಮೊಟ್ಟೆಗೆ ಸಾಯುವುದೇ? ನಮಗೆ ಮದುವೆಯಾಗಿ ಹತ್ತೊಂಬತ್ತು ವರ್ಷ, ಮಕ್ಕಳಿಲ್ಲ. ಯಾವ ಮದುವೆಗೆ ಹೋಗಲಿ, ಯಾರ ಮನೆಯ ಊಟಕ್ಕೆ ಹೋಗಲಿ, ಹೆಂಗಸರು ಪಕ್ಕಕ್ಕೆ ಕರೆದು "ಎಂತ, ವಿಶೇಷ ಉಂಟಾ?" ಎಂದು ಕೇಳುತ್ತಿದ್ದರು. "ಉಂಟಲ್ಲ, ಇವತ್ತು ಮನೆಯಲ್ಲಿ ಅಂಜಲ್ ಮೀನಿನ ಫ್ರೈ" ಎಂದು ನಾನು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದೆ. ಬಜಾರಿ ಎಂಬ ಹೆಸರು ಬಂದದ್ದು ಹಾಗೆ. ಆ ದಿನ ಮಡಿಲಲ್ಲಿದ್ದ ಟಬ್ಬಿನೊಳಗೆ ಅದು ಇನ್ನೂ ಹಿಂಗಾಲಿನಿಂದ ಕೆರೆಯುತ್ತಲೇ ಇತ್ತು. ನಮ್ಮವರು ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ಸರಿಸಿದರು.

ಆಮೆಗೆ ಮೊಟ್ಟೆ ಇಡಲು ಏನು ಬೇಕು ಎಂಬುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂಬ ಅಹಂಕಾರ ನನಗಿತ್ತು. ನಾನು ಕಡಲ ಬದಿಯವಳು. ಚಿಕ್ಕವಳಿದ್ದಾಗ ಬೆಳಿಗ್ಗೆ ಮರಳ ಮೇಲೆ ಕಡಲಾಮೆ ಬಂದುಹೋದ ಗುರುತು ನೋಡಿದ್ದೇನೆ. ಆಮೆ ಎಂದರೆ ಮರಳು. ಈ ದೇಶದಲ್ಲಿ ಮರಳಿಗೇನು ಕೊರತೆ? ನಮ್ಮವರು ಶನಿವಾರ ಬೆಳಿಗ್ಗೆ ಎದ್ದು ದಕ್ಷಿಣದ ಮರಳುಗುಡ್ಡದವರೆಗೆ ಕಾರು ಓಡಿಸಿ, ಪೇಂಟಿನ ನಾಲ್ಕು ಬಕೆಟ್ ತುಂಬ ಮರಳು ತಂದರು. ನಾನು ಅದನ್ನು ಜರಡಿ ಹಿಡಿದು, ಕಸ ತೆಗೆದು, ಮಗುವಿನ ಹಾಸಿಗೆಯಂತೆ ನಯ ಮಾಡಿ ದೊಡ್ಡ ಟಬ್ಬಿನಲ್ಲಿ ಹರಡಿದೆ.

ಅವಳು ಇಳಿದಳು, ತಿರುಗಿದಳು, ಹಿಂಗಾಲಿನಿಂದ ಅಗೆಯತೊಡಗಿದಳು. ನಾವಿಬ್ಬರೂ ಟಬ್ಬಿನ ಪಕ್ಕದಲ್ಲೇ ಕುಳಿತು ನೋಡಿದೆವು. ಒಂದು ಕಾಲು ಮರಳನ್ನು ಹೊರಗೆ ಹಾಕುತ್ತಿತ್ತು, ಗುಂಡಿಯ ಬದಿಯ ಒಣ ಮರಳು ಜಾರಿ ಮತ್ತೆ ಒಳಗೆ ಬೀಳುತ್ತಿತ್ತು. ಇನ್ನೊಂದು ಕಾಲು ಹಾಕಿದರೆ ಮತ್ತೆ ಅದೇ. ಎರಡು ದಿನ ಅಗೆದಳು. ಮೂರನೆಯ ದಿನ ಹಿಂಗಾಲಿನ ಚರ್ಮ ಕೆಂಪಗಾಗಿ ಸುಲಿದಿತ್ತು. ನೀರು ಚಿಮುಕಿಸಿ ನೋಡಿದೆ, ಒಣಗಿ ಮತ್ತೆ ಕುಸಿಯಿತು. ಐದನೆಯ ದಿನ ಅವಳು ಅಗೆಯಲಿಲ್ಲ. ಕತ್ತು ಉದ್ದಕ್ಕೆ ಚಾಚಿ ಮಲಗಿದಳು, ಕಣ್ಣು ಅರ್ಧ ಮುಚ್ಚಿತ್ತು.

"ನಾಳೆ ಇಂಜೆಕ್ಷನ್ ಹಾಕಿಸುವ" ಎಂದರು ನಮ್ಮವರು.

"ಹಾಕಿಸಿದ ಮೇಲೆ ಸತ್ತರೆ ಆ ಮಗುವಿಗೆ ಎಂತ ಹೇಳುವುದು? ನೀವು ಹೇಳ್ತೀರಾ?"

ಅವರು ಚೀಲ ಎತ್ತಿಕೊಂಡು ಆಫೀಸಿಗೆ ಹೋದರು.

ಅವಳನ್ನು ಮರಳಿನಿಂದ ಎತ್ತಿ ನೆರಳಿನಲ್ಲಿ ಬಿಟ್ಟು ಬಸಳೆಗೆ ನೀರು ಹಾಕಿದೆ. ಒಳಗೆ ಹೋಗಿ ಕುಕ್ಕರ್ ಇಟ್ಟು ಬಂದು ನೋಡುತ್ತೇನೆ, ಮಲಗಿದ್ದವಳು ಎದ್ದು ತೆವಳಿ ಡ್ರಮ್ಮಿನ ಬುಡಕ್ಕೆ ಬಂದಿದ್ದಾಳೆ. ಡ್ರಮ್ಮಿನ ತೂತಿನಿಂದ ಸೋರಿದ ಕೆಸರು ನೀರಿಗೆ ಮೂಗು ಹಚ್ಚಿ, ಮುಂಗಾಲುಗಳಿಂದ ಪ್ಲಾಸ್ಟಿಕ್ ಗೋಡೆಯನ್ನು ಹತ್ತಲು ನೋಡುತ್ತಿದ್ದಾಳೆ. ಜಾರಿದಳು. ಮತ್ತೆ ಹತ್ತಿದಳು.

ಥತ್, ನನ್ನ ಬುದ್ಧಿಗೆ ಮಣ್ಣು ಹಾಕ! ಅವಳು ಕಡಲಿನವಳೇ ಅಲ್ಲವಲ್ಲ, ನದಿ ದಂಡೆಯವಳು. ಅವಳಿಗೆ ಬೇಕಾದದ್ದು ಒದ್ದೆ ಮಣ್ಣು, ತೋಡಿದ ಗುಂಡಿ ತೋಡಿದ ಹಾಗೇ ನಿಲ್ಲುವ ಮಣ್ಣು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಮರುಭೂಮಿಯವರೆಗೆ ಕಾರು ಓಡಿಸಿದೆವು.

ಕತ್ತಿ ತಂದೆ. ಒಂದು ಕ್ಷಣ ಕೈ ಬರಲಿಲ್ಲ, ಅದನ್ನೂ ಹೇಳಬೇಕು. ಏಳು ವರ್ಷದ ಬಳ್ಳಿ. ಆಮೇಲೆ ಬುಡಕ್ಕೇ ಕಡಿದೆ, ಬೇರು ಕಿತ್ತೆ, ಮಣ್ಣು ಸಡಿಲಿಸಿ ಒಂದು ಚೊಂಬು ನೀರು ಹಾಕಿ ಕೈಯಿಂದ ಒತ್ತಿದೆ. ಅವಳನ್ನು ಎತ್ತಿ ಮೇಲೆ ಬಿಟ್ಟೆ. ಅವಳು ಮಣ್ಣನ್ನು ಮೂಸಿ, ಒಂದು ಸುತ್ತು ಹಾಕಿ, ಗೋಡೆಗೆ ಮುಖ ಮಾಡಿ ನಿಂತಳು.

ನಾನು ಬಾಲ್ಕನಿ ಬಾಗಿಲ ಹಿಂದೆ ನೆಲದಲ್ಲಿ ಕುಳಿತೆ. ಕುಕ್ಕರ್ ಎಷ್ಟು ಸಲ ಕೂಗಿತೋ ಗೊತ್ತಿಲ್ಲ, ಅನ್ನ ಮುದ್ದೆಯಾಯಿತು. ಅವಳು ಮೊದಲು ತನ್ನ ಮೈಯೊಳಗಿನ ನೀರನ್ನೇ ಬಿಟ್ಟು ಮಣ್ಣನ್ನು ಇನ್ನಷ್ಟು ಮೆತ್ತಗೆ ಮಾಡಿದಳು. ಆಮೇಲೆ ಎಡಗಾಲು, ಬಲಗಾಲು, ಎಡಗಾಲು. ಒಂದು ಸಲವೂ ತಿರುಗಿ ನೋಡಲಿಲ್ಲ, ಪಾದವೇ ಅವಳ ಕಣ್ಣು. ಗುಂಡಿ ಕುಸಿಯಲಿಲ್ಲ. ಮೊದಲ ಮೊಟ್ಟೆ ಬಿದ್ದಾಗ ನಾನು ಜೋರಾಗಿ "ಒಂದು" ಎಂದೆ. ಪ್ರತಿಯೊಂದು ಬಿದ್ದ ಮೇಲೂ ಹಿಂಗಾಲಿನಿಂದ ಮೆಲ್ಲಗೆ ಸರಿಸಿ ಮುಂದಿನದಕ್ಕೆ ಜಾಗ ಮಾಡುತ್ತಿದ್ದಳು. ಒಂಬತ್ತು. ನಂತರ ಮಣ್ಣೆಳೆದು ಮುಚ್ಚಿ, ಹೊಟ್ಟೆಯಿಂದ ಒತ್ತಿ ಒತ್ತಿ ಸಾರಿಸಿದ ಅಂಗಳದ ಹಾಗೆ ಮಾಡಿದಳು. ಮರಿ ಬರಲಿಕ್ಕಿಲ್ಲ ಎಂದು ಅವಳಿಗೆ ಯಾರು ಹೇಳಬೇಕು? ಬರುವುದಾಗಿದ್ದರೂ ಇಷ್ಟೇ ಅಕ್ಕರೆಯಿಂದ ಮುಚ್ಚುತ್ತಿದ್ದಳು, ಇದಕ್ಕಿಂತ ಹೆಚ್ಚು ಸಾಧ್ಯವೇ ಇರಲಿಲ್ಲ. ನಾನು ಅಲ್ಲೇ ಕುಳಿತು ಚೆನ್ನಾಗಿ ಅತ್ತೆ.

ಸಂಜೆ ನೀರಿಗೆ ಬಿಟ್ಟಾಗ ಒಂದು ಹಿಡಿ ಬಸಳೆ ಎಲೆ ತಿಂದಳು. ಉಳಿದ ದಂಟನ್ನು ಕಟ್ಟಡದ ಮನೆಮನೆಗೂ ಹಂಚಿದೆ. ಜಿಪುಣಿಗೆ ಏನಾಯಿತೆಂದು ಎಲ್ಲರಿಗೂ ಆಶ್ಚರ್ಯ. ಒಂದು ದಂಟನ್ನು ಗ್ಲಾಸಿನ ನೀರಿನಲ್ಲಿ ಇಟ್ಟುಕೊಂಡೆ.

ಶುಕ್ರವಾರ ಹುಡುಗಿಗೆ ಎಲ್ಲ ಹೇಳಿದೆ, ಹಿಂದಿನ ವಾರದ ಸುಳ್ಳನ್ನೂ ಸೇರಿಸಿ. ಆಮೆ ಅವನು ಹೋಗಿ ಅವಳಾದದ್ದಕ್ಕೆ ಹುಡುಗಿ ಕಿಲಕಿಲ ನಕ್ಕಳು. "ಮೊಟ್ಟೆ! ಆಂಟಿ, ಮರಿ ಯಾವಾಗ ಬರುತ್ತೆ?"

ಹಿಂದಿನಿಂದ ಅವಳಮ್ಮನ ಗಾಬರಿಯ ದನಿ ಕೇಳಿತು. "ಏಯ್, ಆಂಟಿ ಹತ್ರ ಹಾಗೆಲ್ಲ ಕೇಳಬಾರದು."

"ಕೇಳಲಿ ಬಿಡಿ" ಎಂದೆ. ನನಗೆ ಸಿಟ್ಟು ಬಂದಿರಲಿಲ್ಲ. "ಮರಿ ಬರುವುದಿಲ್ಲ ಮಗಾ."

"ಯಾಕೆ?"

"ಕೆಲವರಿಗೆ ಬರುವುದಿಲ್ಲ. ಅವಳ ತಪ್ಪು ಎಂತದೂ ಇಲ್ಲ."

ಹುಡುಗಿ ಫೋನಿನ ಹತ್ತಿರಕ್ಕೆ ಮುಖ ತಂದಳು. "ಅವಳಿಗೆ ಬೇಜಾರಾಗಿದ್ಯಾ?"

ನಾನು ಬಾಲ್ಕನಿ ನೋಡಿದೆ. ಅವಳು ಟಬ್ಬಿನಲ್ಲಿಟ್ಟ ಇಟ್ಟಿಗೆಯ ಮೇಲೆ ಹತ್ತಿ, ನಾಲ್ಕೂ ಕಾಲು ಚಾಚಿ, ಬಿಸಿಲಿಗೆ ಮುಖ ಎತ್ತಿದ್ದಳು. "ಇಲ್ಲಪ್ಪ. ಹೊಟ್ಟೆ ತುಂಬ ತಿಂದು ಬಿಸಿಲು ಕಾಯ್ತಾ ಇದ್ದಾಳೆ."

"ನಿಮಗೆ?"

ಹತ್ತೊಂಬತ್ತು ವರ್ಷದಲ್ಲಿ ವಿಶೇಷ ಕೇಳಿದವರಿಗೆ ಲೆಕ್ಕವಿಲ್ಲ. ಇದನ್ನು ಯಾರೂ ಕೇಳಿರಲಿಲ್ಲ.

"ನನಗೆ ಇತ್ತು" ಎಂದೆ. "ತುಂಬ ಇತ್ತು."

ಒಳಗೆ ನಮ್ಮವರು ಟೀವಿಯ ಸದ್ದು ನಿಲ್ಲಿಸಿದರು. ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು, ನನ್ನ ಕೈಯಿಂದ ಫೋನು ತೆಗೆದುಕೊಂಡು ಆಮೆಯ ಕಡೆ ತಿರುಗಿಸಿದರು.