ಎದುರಿನ ಚಾಪೆ

ನಮ್ಮವರ ಅಂಗಿ, ಧೋತರಗಳನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದು ಹೋದ ತಿಂಗಳು ಅವರ ಟ್ರಂಕು ತೆರೆದೆ. ಬಟ್ಟೆಗಳ ತಳದಲ್ಲಿ, ಒಣಗಿದ ಬೇವಿನೆಲೆಗಳ ನಡುವೆ, ಮಡಚಿದ ಒಂದು ಚೌಕಳಿ ಹಾಳೆ, ಅದರ ಮೇಲೊಂದು ಜಕಾರ್ಡು ಮಗ್ಗದ ಕಾರ್ಡು. ಗೇಣುದ್ದದ ದಪ್ಪ ರಟ್ಟು, ಅಂಚೆಲ್ಲ ಹಳದಿ ತಿರುಗಿದೆ. ಅದರಲ್ಲಿ ಒಂದೂ ತೂತು ಇರಲಿಲ್ಲ. ಮೂಗಿಗೆ ಹಿಡಿದೆ. ಬೇವು, ಹಳೆಯ ರಟ್ಟು, ಅವುಗಳ ಹಿಂದೆ ಎಲ್ಲೋ ಸಣ್ಣಗೆ ಲೋಬಾನದ ವಾಸನೆ... ಆಮೇಲೆ ಬಟ್ಟೆ ತೆಗೆಯುವುದು ನನ್ನಿಂದಾಗಲಿಲ್ಲ.

ಆ ಕಾರ್ಡು, ಪಕ್ಕದ ಮನೆಯ ಕಾರ್ಡಿನ ಕಾಕಾ ನನಗೆ ಕೊಟ್ಟದ್ದು.

ನಾನು ಲಕ್ಷ್ಮೇಶ್ವರದ ಮಗಳು, ಬೆಟಗೇರಿಯ ನೇಕಾರರ ಮನೆಗೆ ಸೊಸೆಯಾಗಿ ಬಂದವಳು. ಬಂದಾಗ ನಮ್ಮ ತವರು ಇನ್ನೂ ಸಂಸ್ಥಾನದ ಊರು. ಬೆಟಗೇರಿಯಲ್ಲಿ ನಮ್ಮ ಹಿತ್ತಿಲಿಗೂ ಕಾಕಾನ ಹಿತ್ತಿಲಿಗೂ ಎದೆಯೆತ್ತರದ ಒಂದೇ ಗೋಡೆ. ನಾನು ಮಧ್ಯಾಹ್ನ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕುಳಿತರೆ ಅವರು ಕೆಲಸ ಮಾಡುವ ಕೋಣೆಯ ಕಿಟಕಿ ನೇರವಾಗಿ ಕಾಣುತ್ತಿತ್ತು.

ಓಣಿಯ ಜಕಾರ್ಡು ಮಗ್ಗಗಳಿಗೆಲ್ಲ ಕಾರ್ಡು ಹೊಡೆಯುವವರು, ಅಂದರೆ ರಟ್ಟಿನಲ್ಲಿ ತೂತು ಹಾಕುವವರು, ಅವರೊಬ್ಬರೇ. ಸೀರೆಯ ಅಂಚಿನ ನಕ್ಷೆಯನ್ನು ಮೊದಲು ಚೌಕಳಿ ಹಾಳೆಯ ಮೇಲೆ ಬರೆಯುತ್ತಾರೆ. ಹಾಳೆಯ ಒಂದು ಸಾಲಿಗೆ ಒಂದು ಕಾರ್ಡು, ಮಸಿ ತುಂಬಿದ ಒಂದೊಂದು ಚೌಕದ ಮನೆಗೆ ಒಂದೊಂದು ತೂತು. ಕಾರ್ಡಿನಲ್ಲಿ ತೂತು ಇದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಮಲಗಿರುತ್ತದೆ. ಮಗ್ಗಕ್ಕೆ ತಿಳಿಯುವುದು ಅಷ್ಟೇ. ಒಂದು ತೂತು ತಪ್ಪಿದರೆ ಅದೇ ತಪ್ಪು ಗೇಣುಗೇಣಿಗೂ, ಸೀರೆಯ ಉದ್ದಕ್ಕೂ ಮರಳಿ ಮರಳಿ ಬರುತ್ತದೆ. ಆದ್ದರಿಂದ ಇಬ್ಬರು ಕೂಡಿ ಮಾಡುವ ಕೆಲಸ ಅದು. ಒಬ್ಬರು ಹಾಳೆ ನೋಡಿ ಓದಬೇಕು, ಇನ್ನೊಬ್ಬರು ಹೊಡೆಯಬೇಕು. ಓದುವವರು ಕಾಕು, ಅವರ ಹೆಂಡತಿ. ಸೊರಟೂರ ಕಡೆಯವರು. “ಎರಡು ಖಾಲಿ, ಮೂರು ತೂತು, ಒಂದು ಖಾಲಿ...” ಅಂತ ಅವರು ಬೀಸುವಾಗ ಹಾಡಿದಂತೆ ಓದುತ್ತಿದ್ದರು. ಒಂದೊಂದಕ್ಕೂ ಕಾಕಾ “ಹೂಂ” ಅಂದು, ತೂತು ಇದ್ದಲ್ಲಿ ಮರದ ಕೊಡತಿಯಿಂದ ಏಟು ಹಾಕುತ್ತಿದ್ದರು. ಹೂಂ ಬರುವುದು ತಡವಾದರೆ ಕಾಕು ಬಿಡುತ್ತಿರಲಿಲ್ಲ.

“ಕಿವಿ ಇಲ್ಲೆ ಇಡ್ರಿ. ಚಹಾ ಆದಾಗ ನಾನ ಹೇಳತೇನಿ.”

ಸ್ವಾತಂತ್ರ್ಯ ಬಂದ ವರ್ಷದ ಮಳೆಗಾಲದಲ್ಲಿ ಕಾಕು ಮೂರೇ ದಿನದ ಜ್ವರಕ್ಕೆ ಹೋಗಿಬಿಟ್ಟರು. ದೀಪಾವಳಿ ಮುಗಿಯುವವರೆಗೂ ಆ ಕೋಣೆಯ ಬಾಗಿಲು ತೆಗೆಯಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನಾನು ಕಂಡಿಕೆ ಸುತ್ತುತ್ತಿದ್ದಾಗ ಗೋಡೆಯಾಚೆ ಕಸಬರಿಗೆಯ ಸದ್ದು ಕೇಳಿತು.

ಕೆಲಸ ಹಿಡಿಯುವ ಮೊದಲು ಕಾಕಾನದು ಒಂದು ಪದ್ಧತಿ ಇತ್ತು. ತಾವೇ ಕೋಣೆ ಗುಡಿಸುವರು. ಮೊಣಕೈವರೆಗೆ ಕೈ ತೊಳೆಯುವರು. ಮಣೆಗೆ, ಕಾರ್ಡು ಇಟ್ಟು ಹೊಡೆಯುವ ತೂತುಸಾಲಿನ ಕಬ್ಬಿಣದ ತಟ್ಟೆಗೆ ಲೋಬಾನದ ಹೊಗೆ ಹಿಡಿಯುವರು. ಎದುರುಬದುರು ಎರಡು ಚಾಪೆ ಹಾಸಿ, ಎದುರಿನ ಚಾಪೆಯ ಬಳಿ ನೀರಿನ ತಂಬಿಗೆ ಇಟ್ಟು ತಾಟು ಮುಚ್ಚುವರು. ಹಾಳೆಯನ್ನು ಆ ಕಡೆಗೆ ತಿರುಗಿಸಿ ಇಡುವರು. ಬರಿ ಮಣೆಯ ಮೇಲೆ ಕೊಡತಿಯಿಂದ ಮೂರು ಸಲ ಬಡಿಯುವರು. ಕೊನೆಗೆ ಒಂದು ಖಾಲಿ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಎದುರಿನ ಚಾಪೆಯ ಕೆಳಗೆ ಸರಿಸುವರು. ಕಾಕು ಇದ್ದಾಗಲೂ ಹೀಗೇ ಇತ್ತು. ಏನಿದೆಲ್ಲ ಅಂತ ನಾನು ಕೇಳಿದಾಗ ಕಾಕು ನಕ್ಕಿದ್ದರು. ಅಷ್ಟು ಮಾಡುವುದರೊಳಗೆ ಅವರ ತಲೆಯೊಳಗಿನ ಗದ್ದಲ ಇಳಿಯುತ್ತದೆ, ಆಮೇಲೆ ನನ್ನ ಮಾತು ಕೇಳುತ್ತದೆ, ಅಂದಿದ್ದರು.

ಅಂದೂ ಅದನ್ನೆಲ್ಲ ಒಂದೂ ಬಿಡದೆ ಮಾಡಿದರು. ಎದುರಿನ ಚಾಪೆ ಖಾಲಿ ಇತ್ತು. ಕಾಕಾನ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಅಲ್ಲದೆ ಹಾಳೆ ಅವರಿಗೆ ತಲೆಕೆಳಗಾಗಿತ್ತು. ಕೊರಳು ತುಸು ಬಾಗಿಸಿ ಕುಳಿತರು. ಸ್ವಲ್ಪ ಹೊತ್ತಾದ ಮೇಲೆ “ಹೂಂ” ಅಂದರು. ಏಟು ಬಿತ್ತು. ಮತ್ತೆ ಸುಮ್ಮನೆ. ಮತ್ತೆ “ಹೂಂ”...

ನನ್ನ ಕೈಯೊಳಗಿನ ನೂಲು ಹರಿದುಹೋಯಿತು.

ಕಾರ್ಡುಗಳು ಒಂದೂ ತಪ್ಪಿರಲಿಲ್ಲ. ಮೂವತ್ತು ವರ್ಷ ಹೊಡೆದ ನಕ್ಷೆಗಳು, ಬಾಯಿಪಾಠ ಇರುತ್ತವೆ ಅಂತ ಓಣಿಯವರು ಹೇಳಿಕೊಂಡರು. ಚೇಷ್ಟೆ ಮಾಡುವವರೂ ಇದ್ದರು: ಕಾಕು ಇದ್ದಾಗಲೂ ಕಾಕಾ ಹೂಂ ಅಂದದ್ದಷ್ಟೇ, ಈಗೇನು ಹೊಸದು, ಅಂತ. ಸಂಜೆ ಕಾಕಾ ಆ ತಂಬಿಗೆಯ ನೀರನ್ನು ತುಳಸಿಗೆ ಹಾಕುತ್ತಿದ್ದರು. ಅದು ತುಂಬಿದಷ್ಟೇ ಇರುತ್ತಿತ್ತೋ, ಕಡಿಮೆಯಾಗಿರುತ್ತಿತ್ತೋ, ನಾನು ನೋಡಲು ಹೋಗಲಿಲ್ಲ. ಹೀಗೆ ಕೆಲವು ವರ್ಷ ನಡೆಯಿತು. ಆ ಹೂಂ ನನಗೂ ರೂಢಿಯಾಯಿತು, ಪಕ್ಕದ ಮನೆಯ ಗಡಿಯಾರದಂತೆ.

ಆಮೇಲೆ ಹಳೆಯ ಅಂಚುಗಳನ್ನು ಕೇಳುವವರು ಕಡಿಮೆಯಾದರು. ಒಂದೊಂದೇ ಮಗ್ಗ ನಿಂತು, ಓಣಿಯ ಗಂಡಸರು ಮುಂಬಯಿಯ ಗಿರಣಿಗಳಿಗೆ ಹೊರಟರು. ನಮ್ಮವರು ಹೋಗುವುದಿಲ್ಲವೆಂದು ಹಟ ಹಿಡಿದು, ನಾಲ್ಕು ತಿಂಗಳು ಕೂತು ಒಂದು ಹೊಸ ಅಂಚು ಬರೆದರು. ಕುಸುಬಿಯ ಹೂವು, ಎರಡೂ ಬದಿಗೆ ಮುಳ್ಳೆಲೆ, ಒಟ್ಟು ಎಂಬತ್ತು ಸಾಲು. ಗದಗಿನ ಅಂಗಡಿಯವರು ನೇಯ್ದದ್ದು ತೋರಿಸಿ ಅಂದಿದ್ದರು. ಅದು ಒಪ್ಪಿಗೆಯಾಗದಿದ್ದರೆ ಯುಗಾದಿ ಮುಗಿಸಿ ಇವರೂ ಮುಂಬಯಿಗೆ. ನಾನಾಗ ಏಳು ತಿಂಗಳ ಬಸುರಿ.

ಹಾಳೆ ಹಿಡಿದು ಇಬ್ಬರೂ ಕಾಕಾನ ಮನೆಗೆ ಹೋದೆವು. ಅವರು ಹಾಳೆಯ ಮೇಲೆ ಬೆರಳಾಡಿಸಿದರು.

“ಹಳೇವು ಆಕಿಗೆ ಗೊತ್ತದಾವ. ಇದು ಹೊಸಾದು. ಇದನ್ನ ಆಕಿ ನೋಡಿಲ್ಲ.”

ನಾಲ್ಕನೆಯ ಇಯತ್ತೆವರೆಗೆ ಕಲಿತವಳಿದ್ದಾಳೆ, ಇವಳು ಓದುತ್ತಾಳೆ ಅಂತ ನಮ್ಮವರು ನನ್ನನ್ನು ಮುಂದೆ ಮಾಡಿದರು. ಕಾಕಾ ನನ್ನ ಕಡೆಗೆ ತಿರುಗಿದರು.

“ಓದು ತಂಗಿ, ಬ್ಯಾಡ ಅನ್ನೂದಿಲ್ಲ. ಆದ್ರ ಚಾಪಿ ಮ್ಯಾಲ ಕುಂಡ್ರಬ್ಯಾಡ. ಅಲ್ಲೆ ನೀ ಕುಂತ್ರ ಆಕಿ ಎಲ್ಲಿ ಕುಂಡ್ರಬೇಕು? ಒಮ್ಮೆ ಎದ್ದು ಹ್ವಾದ್ರ ಮತ್ತ ಬರ್ತಾಳಂತ ನನಗ ಖಾತ್ರಿ ಇಲ್ಲ.”

ಅವರು ಅಂಜಿದ್ದನ್ನು ನಾನು ಅದೊಂದೇ ಸಲ ಕಂಡದ್ದು. ಚಾಪೆ ಮುಟ್ಟುವುದಿಲ್ಲ ಕಾಕಾರ, ಅಂತ ಮಾತು ಕೊಟ್ಟೆ.

ಮರುದಿನ ಊಟವಾದ ಮೇಲೆ ಶುರುವಾಯಿತು. ನಾನು ಚಾಪೆಯ ಮಗ್ಗುಲಲ್ಲಿ, ಬರಿ ನೆಲದ ಮೇಲೆ ಕುಳಿತೆ. ಲೋಬಾನ, ತಂಬಿಗೆ, ಮೂರು ಏಟು, ಖಾಲಿ ಕಾರ್ಡು, ಎಲ್ಲ ಆಯಿತು. ಓದತೊಡಗಿದೆ. ಕಾಕಾ ತಟ್ಟೆಯ ಸಾಲನ್ನು ಬೆರಳಿನಿಂದ ಎಣಿಸಿಕೊಂಡು ಹೂಂ ಅಂದು ಹೊಡೆಯುತ್ತಿದ್ದರು. ಹತ್ತು ಕಾರ್ಡು ಆಗಿರಬೇಕು. ಕೈ ಎತ್ತಿ ನಿಲ್ಲಿಸಿದರು.

“ತುಸು ತಡದ ಓದು ತಂಗಿ. ಇಬ್ಬರೂ ಕೂಡೆ ಓದಿದ್ರ ನನಗ ತಿಳಿಯೂದಿಲ್ಲ.”

ಸಿಟ್ಟಿಲ್ಲ, ನಗೆಯೂ ಇಲ್ಲ. ನನ್ನ ಬಲಗಡೆ, ಒಂದು ಮೊಳದ ಅಂತರದಲ್ಲಿ, ಚಾಪೆ ಹಾಸಿದಂತೆಯೇ ಇತ್ತು. ಆ ಕಡೆ ತಲೆ ತಿರುಗಿಸದೆ ಹಾಳೆಯ ಮೇಲೆ ಬೆರಳಿಟ್ಟುಕೊಂಡು, ತಡೆದು ತಡೆದು ಓದಿದೆ. ಇಪ್ಪತ್ತೇಳನೆಯ ಸಾಲಿನಲ್ಲಿ “ಮೂರು ಖಾಲಿ” ಅಂದೆ. ಹೂಂ ಬರಲಿಲ್ಲ.

“ಮೂರಲ್ಲವಾ. ಎರಡಂತ.”

ಹಾಳೆಯಲ್ಲಿ ಮೂರೇ ಇತ್ತು. ಅವರು ಎರಡೇ ಬಿಟ್ಟು ಹೊಡೆದರು. ರಾತ್ರಿ ನಮ್ಮವರಿಗೆ ಹೇಳಿದಾಗ ಅವರು ಹಾಳೆ ಬಿಡಿಸಿ, ಎಡಗಡೆಯ ಎಲೆಗೂ ಬಲಗಡೆಯ ಎಲೆಗೂ ತಾಳೆ ನೋಡಿದರು. ಒಂದು ಮನೆಯನ್ನು ತಾವೇ ತಪ್ಪಿ ತುಂಬದೆ ಬಿಟ್ಟಿದ್ದರು. ಆ ಹಾಳೆಯನ್ನು ನಾವಿಬ್ಬರನ್ನು ಬಿಟ್ಟು ಯಾರೂ ಕಣ್ಣಿಂದ ಕಂಡಿರಲಿಲ್ಲ...

ತಪ್ಪು ನಡೆದದ್ದು ಎರಡನೆಯ ದಿನ. ಐವತ್ತೆರಡನೆಯ ಸಾಲು. ಹೊಟ್ಟೆಯ ಭಾರಕ್ಕೆ ಕಾಲು ಜೋಮು ಹಿಡಿದಿತ್ತು. ಓದಿನ ಗುಂಗಿನಲ್ಲೇ ಇದ್ದೆ. ಕೈಯೂರಿ ಬಲಕ್ಕೆ ಸರಿದು, ಕಾಲು ಚಾಚಿ, ಆರಾಮಾಗಿ ಕುಳಿತೆ. ಮುಂದಿನದನ್ನು ಓದಿದೆ. ಹೂಂ ಬರಲಿಲ್ಲ. ಮತ್ತೊಮ್ಮೆ ಓದಿದೆ. ಆಗ ತೊಡೆಯ ಕೆಳಗೆ ಚಾಪೆಯ ಹೆಣಿಗೆ ಒತ್ತುತ್ತಿರುವುದು ಗೊತ್ತಾಯಿತು. ನೆಲ ತಣ್ಣಗಿತ್ತು, ಚಾಪೆ ಬೆಚ್ಚಗಿತ್ತು.

ಕಾಕಾ ಮುಖ ಎತ್ತಿ ಬಾಗಿಲಿನ ಕಡೆಗೆ ನೋಡುತ್ತಿದ್ದರು, ಯಾರೋ ಹೊರಗೆ ಹೋಗುವುದನ್ನು ನೋಡುವ ಹಾಗೆ.

“ಎದ್ದು ಹ್ವಾದಳು,” ಅಂದರು.

ನಾನು ಅತ್ತುಬಿಟ್ಟೆ. ಬಸುರಿ ಅಳಬಾರದು ಅಂತ ಅವರೇ ನನ್ನನ್ನು ಸಮಾಧಾನ ಮಾಡಿದರು. ಆಮೇಲೆ ಕಣ್ಣು ಮುಚ್ಚಿ ಕೊಡತಿ ಹಿಡಿದರು. ಉಳಿದ ಸಾಲುಗಳನ್ನು ನನ್ನೊಬ್ಬಳ ದನಿಯ ಮೇಲೆ, ಎರಡೆರಡು ಸಲ ಕೇಳಿಕೊಂಡು, ಹೊಡೆದು ಮುಗಿಸಿದರು. ಅವುಗಳಲ್ಲಿ ಒಂದಕ್ಕೂ ಹೂಂ ಅನ್ನಲಿಲ್ಲ. ನಾನು ಹೊರಡುವಾಗ ಚಾಪೆಯ ಕೆಳಗಿನ ಖಾಲಿ ಕಾರ್ಡು ತೆಗೆದು ನನ್ನ ಕೈಗೆ ಕೊಟ್ಟರು. “ಇದು ನಿನ್ನ ಕಡೆ ಇರಲಿ. ನನಗ ಇನ್ನ ಕೆಲಸಿಲ್ಲ.”

ಅಂಚು ಒಪ್ಪಿಗೆಯಾಯಿತು. ನಮ್ಮವರು ಮುಂಬಯಿಗೆ ಹೋಗಲಿಲ್ಲ, ಆ ಕುಸುಬಿ ಹೂವಿನ ಮೇಲೆ ನಮ್ಮ ಮಗ್ಗ ಬಹಳ ವರ್ಷ ನಡೆಯಿತು. ಕಾಕಾ ಮತ್ತೆ ಒಂದು ಕಾರ್ಡೂ ಹೊಡೆಯಲಿಲ್ಲ.

ಏಕೀಕರಣವಾದ ದಿನ ಓಣಿಯಲ್ಲೆಲ್ಲ ಸಕ್ಕರೆ ಹಂಚಿದರು. ಮಗಳನ್ನು ಕರೆದುಕೊಂಡು ಕಾಕಾನಿಗೂ ಕೊಡಲು ಹೋದೆ. ಕೋಣೆ ಗುಡಿಸಿತ್ತು. ಎರಡು ಚಾಪೆ, ತಂಬಿಗೆ, ಲೋಬಾನದ ಹೊಗೆ. ಮಣೆಯ ಮೇಲೆ ಹಾಳೆಯೂ ಇಲ್ಲ, ಕಾರ್ಡೂ ಇಲ್ಲ. ಕೊರಳು ಬಾಗಿಸಿ ಕುಳಿತಿದ್ದರು. ಹೊರಗಿನ ಘೋಷಣೆ ಜೋರಾದಾಗ ಕೈ ಎತ್ತಿದರು, ಸುಮ್ಮನಿರಿ ಅನ್ನುವಂತೆ. ನಾನು ಸಕ್ಕರೆಯ ಪೊಟ್ಟಣವನ್ನು ಹೊಸ್ತಿಲ ಮೇಲಿಟ್ಟು ಬಂದೆ. ಆ ಚಳಿಗಾಲದಲ್ಲಿ ಅವರೂ ಹೋದರು.

ನಮ್ಮವರು ಹೋಗಿ ಈಗ ಏಳು ತಿಂಗಳು. ಅವರು ಊಟಕ್ಕೆ ಕುಳಿತುಕೊಳ್ಳುತ್ತಿದ್ದದ್ದು ಕಂಬದ ಬಳಿ. ಮೊನ್ನೆ ಮಗಳು ಬಂದವಳು ತಾಟು ಹಿಡಿದು ಅಲ್ಲಿ ಕೂರಲು ಹೋದಳು. “ಅಲ್ಲೆ ಕುಂಡ್ರಬ್ಯಾಡವಾ” ಅಂದೆ. ಯಾಕಂತ ಅವಳು ನನ್ನ ಮುಖ ನೋಡಿದಳು. ನಾನು ಅವಳ ತಾಟನ್ನು ನನ್ನ ಮಗ್ಗುಲಿಗೆ ಎಳೆದುಕೊಂಡೆ.

ಅವಳು ಊರಿಗೆ ಹೋದ ಮೇಲೆ, ನಿನ್ನೆ ಮಧ್ಯಾಹ್ನ, ಆ ಜಾಗ ಗುಡಿಸಿದೆ. ಕೈ ತೊಳೆದು ಬಂದು ಚಾಪೆ ಹಾಸಿದೆ. ಖಾಲಿ ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಅದರ ಕೆಳಗೆ ಇಟ್ಟೆ. ನಾನು ಎದುರಿಗೆ, ಬರಿ ನೆಲದ ಮೇಲೆ ಕುಳಿತು, ಟ್ರಂಕಿನಲ್ಲಿದ್ದ ಆ ಕುಸುಬಿ ಹೂವಿನ ಹಾಳೆ ಬಿಡಿಸಿದೆ. ಅವರ ಕೈಯಿಂದ ತುಂಬಿದ ಮನೆಗಳು, ಮಸಿ ಕಂದಾಗಿದೆ. ಮೊದಲ ಸಾಲು ಓದಿದೆ.

ಕೊರಳು ಬಾಗಿಸಿ ಬಹಳ ಹೊತ್ತು ಕಾದೆ. ಹೂಂ ಬರಲಿಲ್ಲ. ಎರಡನೆಯ ಸಾಲು ಓದಿದೆ.