ಮಸ್ಕಿ ಗುಡ್ಡದ ಮೇಲೆ ಹರಿದ ಚೀಟಿ

ಇತಿಹಾಸವನ್ನು ಮಕ್ಕಳ ಕಾಲಿಗೂ ಕಲಿಸಬೇಕೆಂದು ನಂಬಿದ ಅಧ್ಯಾಪಕರು ನಮ್ಮ ಸೀಮೆಯಲ್ಲಿ ಬೆರಳೆಣಿಕೆಯಷ್ಟು. ಅವರಲ್ಲಿ ಶ್ರೀ ಬಸವಂತರಾಯರದು ಮೊದಲ ಹೆಸರು. ಲಿಂಗಸುಗೂರಿನಲ್ಲಿ ಸೇವೆಗೆ ಸೇರಿ, ಮಸ್ಕಿಯಲ್ಲಿ ಹನ್ನೊಂದು ವರ್ಷ ದುಡಿದು, ಈಗ ಸಿಂಧನೂರಿನಲ್ಲಿ ನಿವೃತ್ತರಾಗುತ್ತಿರುವ ಈ ಹಿರಿಯರು, ಗುರುಗುಂಟಾದಿಂದ ಹಸಿದು ಬರುತ್ತಿದ್ದ ಹುಡುಗರಿಗೆ ತಮ್ಮ ಬುತ್ತಿಯ ರೊಟ್ಟಿಯನ್ನೇ ಮುರಿದು ಕೊಟ್ಟವರು. ಬೈಗುಳವನ್ನೂ ಅಷ್ಟೇ ಧಾರಾಳವಾಗಿ ಕೊಟ್ಟವರು.

ಅವರ ಅಚ್ಚುಮೆಚ್ಚಿನ ಪಾಠ ಎರಡನೆಯ ಮಹಾಯುದ್ಧದ ಒಬ್ಬ ಪೋಲಿಷ್ ಸೇನಾಪತಿಯದು. ಆತನ ಸೈನಿಕರು ಇಟಲಿಯ ಬೆಟ್ಟಗಳಲ್ಲಿ ಜೀವದ ಹಂಗು ತೊರೆದು ಕಾದುತ್ತಿದ್ದಾಗಲೇ, ಮಿತ್ರರಾಷ್ಟ್ರಗಳ ದೊಡ್ಡವರು ಅವರ ಊರುಗಳನ್ನು ರಷ್ಯಕ್ಕೆ ಬಿಟ್ಟುಕೊಟ್ಟಾಗಿತ್ತು. ಅದು ಬಯಲಾದ ಮೇಲೂ ಸೇನಾಪತಿ ರಣರಂಗ ಬಿಡಲಿಲ್ಲ. ಈ ಪಾಠಕ್ಕೆ ರಾಯರದೊಂದು ಪದ್ಧತಿಯಿತ್ತು. ಮಕ್ಕಳು ತಮ್ಮ ಊರಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟು ಮಸ್ಕಿಯ ಗುಡ್ಡ ಹತ್ತಬೇಕು, ತುದಿಯಲ್ಲಿ ರಾಯರು ಒಂದೊಂದೇ ಚೀಟಿ ಓದಿ ಹರಿದು, "ನಿಮ್ಮೂರು ಹೋತು. ಇನ್ನೂ ಕಾದ್ತೀರೇನು?" ಎನ್ನುವರು. ಮಕ್ಕಳು ಬಿದ್ದು ಬಿದ್ದು ನಗುವರು.

ಹದಿನಾಲ್ಕು ವರ್ಷದ ಹಿಂದೆ ಸಿಂಧನೂರಿನ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಿದ್ದರು. ದಢೇಸುಗೂರಿನ ಚೀಟಿ ಹರಿಯಿತು. ಮುಂದಿನದರಲ್ಲಿದ್ದ ಊರನ್ನು ಅವರು ಕೇಳಿಯೇ ಇರಲಿಲ್ಲ. ಓದುತ್ತಲೇ ಅರ್ಧ ಹರಿದರು. ಬರೆದವಳು ಬಂಗಾಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಶೆಫಾಲಿ. ದೇಶ ಒಡೆದ ಮೇಲೆ ಅವಳ ಅಜ್ಜ ಬಿಟ್ಟುಬಂದ ಬಂಗಾಳದ ಹಳ್ಳಿ ಅದು.

"ಹರೀರಿ ಸರ್," ಎಂದಳು ಹುಡುಗಿ. "ಅದು ಯಾವಾಗೋ ಹೋಗೈತಿ."

ರಾಯರು ಅರ್ಧ ಹರಿದ ಆ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ಮಂದಿಯ ಸಂಕಟವನ್ನು ಇಷ್ಟು ವರ್ಷ ಆಟ ಮಾಡಿದೆನಲ್ಲ ಎಂದು ಅವರಿಗೆ ತಮ್ಮ ಮೇಲೇ ಹೇಸಿಗೆಯಾಯಿತು.

ಮರುದಿನ ಶೆಫಾಲಿ ಶಾಲೆಗೆ ಬರಲಿಲ್ಲ. ತಮ್ಮಿಂದಾಗಿ ಹುಡುಗಿ ಓದೇ ಬಿಟ್ಟಳೇನೋ ಎಂಬ ದಿಗಿಲಿನಲ್ಲಿ ರಾಯರು ಕ್ಯಾಂಪಿಗೆ ಧಾವಿಸಿ, ಗದ್ದೆಯ ಬದುವಿನ ಮೇಲಿದ್ದ ಅವಳ ಅಜ್ಜ ನಿಖಿಲ್ ಮಂಡಲರಿಗೆ ಕೈಮುಗಿದರು.

"ತಪ್ಪಾತ್ರೀ ಹಿರಿಯರ."

"ಆಕಿ ನಾಟಿಗೆ ಬಂದಾಳ, ನಾಳೆ ಸಾಲಿಗೆ ಬರ್ತಾಳ. ಒಂದು ಹೇಳ್ರಿ, ಆಕಿ ಹೇಳಿದ ಆ ಸೇನಾಪತಿ ಊರು ಹೋದ ಮ್ಯಾಲೂ ಯಾಕ ಕಾದಿದ?"

"ಶೌರ್ಯರೀ," ಎಂದರು ರಾಯರು.

ಅಜ್ಜ ತಲೆಯಲ್ಲಾಡಿಸಿದರು. "ನಾನೂ ನಲವತ್ತು ಮನಿ ಮಂದೀನ ಕರ್ಕೊಂಡು ಬಂದೀನ್ರೀ. ಊರು ಹೋಗಿತ್ತು, ಖರೆ. ಹಿಂದ ಬಂದ ಮಂದೀನ ಎಲ್ಲಿ ಬಿಡ್ಲಿ?"

ಸೇನಾಪತಿ ತನ್ನ ಪಡೆಯನ್ನು ಹಿಂತೆಗೆಯಲು ಅನುಮತಿ ಕೇಳಿದ್ದ, ಆದರೆ ಆ ಜಾಗದಲ್ಲಿ ನಿಂತು ಜೊತೆಯ ಪಡೆಗಳನ್ನು ಕಾಯಲು ಬೇರೆ ಯಾರೂ ಇರಲಿಲ್ಲ ಎಂಬ ಸಾಲನ್ನು ರಾಯರು ನೂರು ಸಲ ಓದಿದ್ದರು. ಅರ್ಥವಾದದ್ದು ಆ ಬದುವಿನ ಮೇಲೆ.

ಅಂದಿನಿಂದ ಅವರ ಭಾನುವಾರಗಳೆಲ್ಲ ಕ್ಯಾಂಪಿನಲ್ಲೇ ಕಳೆಯುತ್ತವೆ. ಮಾತಿನಲ್ಲಿ ಯಾರಿಗೂ ಸೋಲದ ನಮ್ಮ ರಾಯರು ಅಲ್ಲಿ ಬಾಯಿ ಮುಚ್ಚಿಕೊಂಡು ಕೂತು, ಅಲ್ಲಿನ ಹಿರಿಯರು ಬಿಟ್ಟುಬಂದ ಊರುಗಳ ಬಗ್ಗೆ ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಅವರು ನೂರು ವರ್ಷ ಬಾಳಲಿ. ಆ ಹಿರಿಯರಿಗೂ ಆಯುಷ್ಯವಿರಲಿ. ಇನ್ನೂ ಅರ್ಧ ಕ್ಯಾಂಪಿನ ಮಾತು ಕೇಳುವುದು ಉಳಿದಿದೆ.