ಅಧ್ಯಕ್ಷರ ಫೋಟೋ ಸಣ್ಣದು ಮಾಡಿದ್ದು

ಕ್ಷಮಿಸುವುದು ದೊಡ್ಡ ಗುಣ ಅಂತಾರೆ. ಇರಬಹುದು, ನನಗೆ ಬಂದಿಲ್ಲ. ನಮ್ಮ ಕನ್ನಡ ಸಂಘದ ಅಧ್ಯಕ್ಷರ ವಿಷಯದಲ್ಲಂತೂ ಬರುವುದೂ ಬೇಡ.

ಸಂಘದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವಳು ನಾನು. ನ್ಯೂ ಟೌನ್‌ನ ಕಚೇರಿಯಲ್ಲಿ ನನ್ನ ಹೊಟ್ಟೆಪಾಡೂ ಅದೇ: ದೊಡ್ಡ ಫೋಟೋಗಳನ್ನು ಕಣ್ಣಿಗೆ ಗೊತ್ತಾಗದಂತೆ ಕುಗ್ಗಿಸಿ, ಪುಟ ಬೇಗ ತೆರೆಯುವಂತೆ ಮಾಡುವುದು. ಸಂಘದಲ್ಲಿ ಮಾತ್ರ ನನ್ನ ಕೈ ಕಟ್ಟಿತ್ತು. ಶಾಲು, ಹಾರ, ಮೈಸೂರು ಪೇಟ ಹಾಕಿಸಿಕೊಂಡವರ ಫೋಟೋ ಕ್ಯಾಮೆರಾದಿಂದ ಬಂದ ಹಾಗೇ ಮೊದಲ ಪುಟಕ್ಕೆ ಹೋಗಬೇಕು, ಮುಟ್ಟಬಾರದು ಎಂಬುದು ಕಮಿಟಿಯ ಪದ್ಧತಿ. ಫೋಟೋ ಕುಗ್ಗಿಸಿದರೆ ಸನ್ಮಾನವೇ ಕುಗ್ಗಿದಂತೆ ಅವರಿಗೆ. ಪರದೆಯ ಮೇಲೆ ಬೆಂಕಿಪೆಟ್ಟಿಗೆಯಷ್ಟು ಕಾಣುವ ಚಿತ್ರ ಒಳಗೆ ಹನ್ನೆರಡು ಎಂಬಿ ಇರಬಹುದು ಎಂದು ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗಲಿಲ್ಲ.

ಯುಗಾದಿ ಊಟಕ್ಕೆ ಸೈಟಿನಲ್ಲೇ ಹೆಸರು ಕೊಡಬೇಕಿತ್ತು. ಡಮ್ ಡಮ್‌ನಲ್ಲಿ ಮೆಟ್ರೋ ಹತ್ತಿ ಫೋನ್ ತೆರೆದವರು ಎಂಟೊಂಬತ್ತು ನಿಲ್ದಾಣ ದಾಟಿ ಪಾರ್ಕ್ ಸ್ಟ್ರೀಟ್‌ನಲ್ಲಿ ಇಳಿಯುವಾಗಲೂ ಅಧ್ಯಕ್ಷರ ಪೇಟವಷ್ಟೇ ಮೂಡಿರುತ್ತಿತ್ತು. ದೂರು ಬಂತು. ಕಮಿಟಿ ಸಭೆಯಲ್ಲಿ ಅಧ್ಯಕ್ಷರು ನನ್ನ ಕಡೆ ತಿರುಗಿದರು.

"ಆ ಹಳೇ ಫೋಟೋಗಳಿಂದಾನೇ ಕಣಮ್ಮ ಸೈಟ್ ಭಾರ ಆಗಿರೋದು. ಅಡುಗೆಯವರದ್ದೆಲ್ಲ ಮೊದಲ ಪುಟದಲ್ಲಿ ಯಾಕೆ? ತೆಗೆದುಬಿಡಿ."

ಅಡುಗೆಯವರು ಎಂದರೆ ನನ್ನ ಅಪ್ಪ. ಉಡುಪಿ ಕಡೆಯಿಂದ ಬಂದು ಇಲ್ಲಿ ಕೇಟರಿಂಗ್ ನಡೆಸುವವರು, ಸಂಘ ಕಟ್ಟಿದವರಲ್ಲಿ ಒಬ್ಬರು. ಅವರ ಕಪ್ಪುಬಿಳುಪು ಫೋಟೋ ನಲವತ್ತು ಕೆಬಿಯೂ ಇರಲಿಲ್ಲ. ಹನ್ನೆರಡು ಎಂಬಿ ಇದ್ದದ್ದು ಅಧ್ಯಕ್ಷರದ್ದು. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಬಾಯಿ ತೆರೆಯುವ ಮುಂಚೆ, ಅಲ್ಲೇ ಕಾಫಿ ಕೊಡುತ್ತಿದ್ದ ಅಪ್ಪ, "ಇರ್ಲಿ, ತೆಗಿ ಮಗಾ. ಎಂತ ಆಗುದಿಲ್ಲ" ಎಂದರು. ಆಮೇಲೆ ಯಾರ ಮುಖವನ್ನೂ ನೋಡದೆ, ಅರ್ಧ ಕುಡಿದ ಲೋಟಗಳನ್ನೂ ಎತ್ತಿಕೊಂಡು ಒಳಗೆ ಹೋದರು.

"ಆಯ್ತು ಸರ್, ಭಾರ ಇಳಿಸ್ತೀನಿ" ಎಂದೆ.

ಮರುದಿನ ಬೆಳಿಗ್ಗೆ ಕೂತೆ. ಉಳಿದವರ ಫೋಟೋಗಳನ್ನು ಕೂದಲು ಕೊಂಕದಂತೆ ಕುಗ್ಗಿಸಿದೆ. ಅಪ್ಪನದನ್ನು ಹೊಸದಾಗಿ ಸ್ಕ್ಯಾನ್ ಮಾಡಿ ಮೊದಲ ಸಾಲಿನಲ್ಲೇ ಇಟ್ಟೆ. ಅಧ್ಯಕ್ಷರದ್ದನ್ನು ಕೊನೆಗೆ ಉಳಿಸಿಕೊಂಡಿದ್ದೆ. ಗುಣಮಟ್ಟವನ್ನು ನೂರಕ್ಕೆ ಎಂಬತ್ತಕ್ಕಿಂತ ಕೆಳಗೆ ಇಳಿಸದವಳು ಅಂದು ಐದಕ್ಕೆ ಎಳೆದೆ. ಕಣ್ಣು ಕರಗಿದವು, ಪೇಟ ಹಣೆ ಒಂದಾದವು, ಕೆನ್ನೆ ಚೌಕ ಚೌಕವಾಗಿ ಒಡೆಯಿತು. ಹಾಯೆನಿಸಿತು, ಸುಳ್ಳು ಯಾಕೆ ಹೇಳಲಿ.

ಪುಟ ಚಿಟಿಕೆ ಹೊಡೆಯುವುದರೊಳಗೆ ತೆರೆಯತೊಡಗಿತು. ಮುಂದಿನ ಸಭೆಯಲ್ಲಿ ಅಧ್ಯಕ್ಷರು ಫೋನ್ ಎತ್ತಿ ಹಿಡಿದರು.

"ಏನಮ್ಮ ಇದು, ನನ್ನ ಮುಖ?"

"ಸೈಟ್ ಭಾರ ಆಗಿತ್ತಲ್ಲ ಸರ್. ಎಲ್ಲಕ್ಕಿಂತ ಭಾರ ಇದ್ದದ್ದು ನಿಮ್ಮದೇ" ಎಂದು, ಎಲ್ಲ ಫೋಟೋಗಳ ಹಳೆಯ ಗಾತ್ರದ ಪಟ್ಟಿಯನ್ನು ಮೇಜಿನ ಮೇಲಿಟ್ಟೆ. ದೊಡ್ಡದರಿಂದ ಸಣ್ಣದಕ್ಕೆ ಬರೆದಿದ್ದ ಅದರಲ್ಲಿ ಅಪ್ಪನ ಹೆಸರು ಕೊನೆಯಲ್ಲಿತ್ತು. ಪಟ್ಟಿ ಕೈಯಿಂದ ಕೈಗೆ ಹೋಯಿತು. ಕಾರ್ಯದರ್ಶಿ ನಗು ತಡೆಯಲಾರದೆ ಕಿಟಕಿ ಕಡೆ ತಿರುಗಿದರು. ಅಧ್ಯಕ್ಷರು ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು.

ಮನೆಯಲ್ಲಿ ಅಪ್ಪ ಕನ್ನಡಕ ಹಾಕಿಕೊಂಡು ಪುಟ ತೆರೆದರು. ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ, ನಾನು ಬೈಗುಳಕ್ಕೆ ತಯಾರಾಗಿಯೇ ಇದ್ದೆ. ತಮ್ಮ ಫೋಟೋವನ್ನು ದಾಟಿ ಅಧ್ಯಕ್ಷರದ್ದರ ಮೇಲೆ ಬೆರಳು ನಿಲ್ಲಿಸಿದರು.

"ಬೇಕಂತ್ಲೇ ಮಾಡಿದ್ದಾ?"

"ಹೌದಪ್ಪ."

ಚಿತ್ರವನ್ನು ಬೆರಳಿನಿಂದ ದೊಡ್ಡದು ಮಾಡಿ ನೋಡಿದರು.

"ಮೀಸೆ ಇನ್ನೂ ಗುರ್ತ ಸಿಗ್ತದಲ್ಲ ಮಗಾ" ಎಂದರು. "ಅದನ್ನೂ ತೆಗಿಲಿಕ್ಕೆ ಆಗುದಿಲ್ವಾ?"